ಜುಲೈ ಮೇಡಂ

"ನಿಮ್ಮ ವರದಿ ಓದಿದೆ," ಎಂದರು ಮೇಡಂ ಚಿಸಾಲೆ. ನನಗೆ ಗಾಬರಿಯಾಯಿತು.

ನಗಬೇಡಿ. ನಾನು ಅರ್ಥಶಾಸ್ತ್ರ ಕಲಿಸುವವಳು. ನಾವು ಬರೆದದ್ದನ್ನು ಯಾರೂ ಓದುವುದಿಲ್ಲ. ಓದುವುದಿಲ್ಲವಲ್ಲ ಎಂದು ಗೊಣಗುವುದೇ ನಮ್ಮ ಕಸುಬಿನ ಅರ್ಧ ಸುಖ. ದೇಶದ ಉಪಯೋಗಕ್ಕೆ ಬರುವಂಥ ಸಂಶೋಧನೆ ಮಾಡಿ ಎಂದು ಪ್ರೊಫೆಸರ್ ಚಿಕೋಪಾ ವರ್ಷಗಟ್ಟಲೆ ನಮ್ಮ ತಲೆ ತಿಂದಿದ್ದರು. ಈಗ ನೋಡಿ, ನಮ್ಮ ರಾಜಧಾನಿ ಲಿಲೊಂಗ್ವೆಯ ಸರ್ಕಾರಿ ಕಚೇರಿಯಲ್ಲಿ, ಮೆಕ್ಕೆಜೋಳದ ಉಗ್ರಾಣಗಳನ್ನೆಲ್ಲ ಕೈಯಲ್ಲಿಟ್ಟುಕೊಂಡ ಹೆಂಗಸು ನಮ್ಮಿಬ್ಬರ ಎದುರಿಗೇ ಕೂತಿದ್ದರು.

"ಕೆಳಗಿನ ಕಣಿವೆಯವರ ಮನೇಲಿ ಸಾಕಷ್ಟು ಜೋಳ ಇದೆ ಅಂತ ಬರ್ದಿದೀರಿ. ಒಳ್ಳೇದಾಯ್ತು. ಅಲ್ಲಿಗೆ ಹೊರಟಿರೋ ಜೋಳದ ಲಾರಿಗಳನ್ನ ಗುಡ್ಡದ ಕಡೆ ತಿರುಗಿಸ್ತೀನಿ. ಇವತ್ತು ಬಿಟ್ರೆ ಮಳೆಗೆ ಕಣಿವೆ ದಾರಿ ಮುಚ್ಚಿಹೋಗುತ್ತೆ. ಆಮೇಲೆ ಬಾಯಿ ಬಡ್ಕೊಂಡ್ರೂ ಏನೂ ಮಾಡಕ್ಕಾಗಲ್ಲ. ಸರಿ ತಾನೆ?"

"ಸರಿ ಮೇಡಂ, ಸರಿ," ಎಂದು ಪ್ರೊಫೆಸರ್ ಹಿಗ್ಗಿದರು.

ಹೊರಗೆ ನಮ್ಮ ಮಳೆಗಾಲದ ನಡುವಿನ ಜನವರಿಯ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಆಗ ಹೊಳೆಯಿತು. ಕಣಿವೆಯಲ್ಲಿ ನಾನು ಮಳೆಯನ್ನೇ ಕಂಡವಳಲ್ಲ! ನಾವು ಹೋಗುವುದು ಯಾವಾಗಲೂ ಜುಲೈಯಲ್ಲಿ. ಆಗ ಪಾಠಕ್ಕೆ ರಜೆ, ದಾರಿ ಒಣಗಿರುತ್ತದೆ, ಜೀಪು ಹೂತುಕೊಳ್ಳುವುದಿಲ್ಲ. ಕಟಾವು ಮುಗಿದು ಕಣಜಗಳೂ ತುಂಬಿರುತ್ತವೆ. ಊಟಕ್ಕಿದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎಂದಿದ್ದರು, ಕೋಳಿ ಕೊಯ್ದು ನಮಗೂ ನ್ಸಿಮಾ ಮುದ್ದೆ ಬಡಿಸಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ.

ಎಸ್ನಾರ್ ಎಂಬವಳು ಮುಂಗೈ ಇಲ್ಲದ ತೋಳು ತೋರಿಸಿ ನಕ್ಕಿದ್ದಳು. "ಮಳೆ ತಿಂಗಳಲ್ಲಿ ಜೋಳ ಮುಗಿಯುತ್ತಲ್ಲ, ನೈದಿಲೆ ಗೆಡ್ಡೆ ಕೀಳೋಕೆ ಜೌಗಿಗೆ ಇಳಿದಿದ್ದೆ. ಮೊಸಳೆ ಹಿಡೀತು. ಈಗ ನಾನು ಇಳಿಯಲ್ಲಪ್ಪ, ಮಗಳು ಇಳೀತಾಳೆ." ಆ ಮಗಳು, ಲಿನ್ಲಿ, ನಮಗೆ ಕೈತೊಳೆಯಲು ನೀರು ಹೊಯ್ಯುತ್ತ ನಿಂತಿದ್ದಳು. ನಮ್ಮ ಪ್ರಶ್ನೆಗಳಲ್ಲಿ ಮೊಸಳೆ ಇರಲಿಲ್ಲ. ಬರೆದುಕೊಳ್ಳಲಿಲ್ಲ.

"ಸಾರ್, ನಾವು ಹೋಗಿದ್ದು ಜುಲೈಯಲ್ಲಿ," ಎಂದು ಪಿಸುಗುಟ್ಟಿದೆ.

ಪ್ರೊಫೆಸರ್ ನನ್ನತ್ತ ಬಾಗಿದರು. "ತೆಪ್ಪಗಿರಮ್ಮ ತಾಯಿ. ಜೀವಮಾನದಲ್ಲಿ ಒಂದ್ಸಲ ನಮ್ಮ ಮಾತು ಕೇಳ್ತಿದಾರೆ. ಈಗ ತಪ್ಪು ಅಂದ್ರೆ ಇನ್ನು ಬಾಗಿಲ ಹತ್ರಾನೂ ಸೇರಿಸಲ್ಲ." ಪಾಪ, ಕೆಟ್ಟ ಮನುಷ್ಯರಲ್ಲ.

ಮೇಡಂ ಫೋನ್ ಎತ್ತಿಕೊಂಡರು. ನನಗೆ ಭಯವಾಯಿತು: ಕೆಲಸದ ಭಯ, ಮಾನದ ಭಯ, ಎಲ್ಲಕ್ಕಿಂತ ಲಿನ್ಲಿ ಇಳಿಯುವ ಆ ನೀರಿನ ಭಯ.

"ತಿರುಗಿಸ್ಬೇಡಿ ಮೇಡಂ! ನಾವು ನೋಡಿದ್ದು ಕಟಾವಾದ ಮೇಲೆ. ಈಗ ಅಲ್ಲಿ ಏನೂ ಇರಲ್ಲ."

ಅವರು ನನ್ನನ್ನೇ ದಿಟ್ಟಿಸಿದರು. "ಕಟಾವಾದ ಮೇಲೆ ನಮ್ಮನೆ ಬೆಕ್ಕಿಗೂ ಹೊಟ್ಟೆ ತುಂಬಿರುತ್ತೆ, ಡಾಕ್ಟರೇ. ಈಗ ಎಷ್ಟು ಬೇಕು ಅವರಿಗೆ?"

"ಗೊತ್ತಿಲ್ಲ."

"ಯಾರಿಗೆ ಗೊತ್ತು?"

"ನಮ್ಮಲ್ಲಿ ಯಾರೂ ಈ ತಿಂಗಳಲ್ಲಿ ಹೋಗಿಲ್ಲ."

"ಮತ್ತೆ ಗುಡ್ಡದವರು?"

"ಆ ದಾರಿ ಮುಚ್ಚಲ್ಲ. ಲಾರಿಗಳು ವಾಪಸ್ ಬಂದ್ಮೇಲೆ ಕಳಿಸ್ಬಹುದು."

"ಬಂದ್ರೆ," ಎಂದರು ಮೇಡಂ. ಆಮೇಲೆ ಫೋನಿಗೆ ಹೇಳಿದರು: "ಕಣಿವೆಗೇ ಹೋಗ್ಲಿ." ಫೋನ್ ಇಟ್ಟು ನನ್ನತ್ತ ಬೆರಳು ಮಾಡಿದರು. "ಲಾರಿ ಡ್ರೈವರ್ ಪಕ್ಕ ಜಾಗ ಇದೆ. ಹತ್ತಿ. ಎಷ್ಟು ಬೇಕು ಅಂತ ಅಲ್ಲಿಂದ ಹೇಳಿ."

ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಕೊನೆಯ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಡ್ರೈವರ್ ದೇವರ ಹೆಸರು ಹೇಳಿ ದಾಟಿಸಿದ. ಊರು ಸೇರಿದಾಗ ಜೌಗಿನಲ್ಲಿ ಸೊಂಟದವರೆಗೆ ಇಳಿದಿದ್ದ ಹೆಂಗಸರು ಕಂಡರು. ಅವರಲ್ಲೊಬ್ಬಳು ತಲೆ ಎತ್ತಿದಳು. ಲಿನ್ಲಿ!

"ಅಮ್ಮಾ, ಜುಲೈ ಮೇಡಂ ಬಂದ್ರು!" ಎಂದು ಎರಡೂ ಕೈ ಬೀಸಿದಳು. ಎರಡೂ ಇದ್ದವು.

"ಮೇಲೆ ಬಾರೇ!" ಎಂದು ಕಿರುಚಿದೆ. "ಜೋಳ ತಂದಿದೀವಿ, ಬೇಗ ಬಾ!"

"ತಾಳಿ ಮೇಡಂ, ಅದು ಬೇಯೋದು ತಡ ಆಗುತ್ತೆ. ಮನೆಗೆ ಬಂದೋರನ್ನ ಹಸಿದು ಕೂರಿಸ್ತಾರಾ? ನಿಮಗೂ ನಾಲ್ಕು ಗೆಡ್ಡೆ ಕಿತ್ಕೊಂಡು ಬರ್ತೀನಿ," ಎಂದು ಅವಳು ಮತ್ತೆ ನೀರಿಗೆ ಬಾಗಿದಳು.