ಬಾಯಿಗೆ ಏನೂ ಕೊಡಬೇಡಿ

ನಾನು ಒಂದು ತಗಡಿನ ಬೋರ್ಡು. ಎಣ್ಣೆ ಡಬ್ಬಿಯೊಂದನ್ನು ಸೀಳಿ, ಬಡಿದು ಸಮ ಮಾಡಿ ನನ್ನನ್ನು ಹುಟ್ಟಿಸಿದರು. ಲಾರಿಗಳಿಗೆ ಹೆಸರು ಬರೆಯುವ ಪೇಂಟರ್ ಒಬ್ಬ ನನ್ನ ಮೇಲೆ ಕೆಂಪು ಬಣ್ಣದಲ್ಲಿ ‘ಬಾಯಿಗೆ ಏನೂ ಕೊಡಬೇಡಿ’ ಎಂದು ಬರೆದ. ಅಭ್ಯಾಸಬಲದಿಂದ ಒಂದು ಮೂಲೆಯಲ್ಲಿ ಹೂವನ್ನೂ ಬಿಡಿಸಿದ. ಆ ಹೂವನ್ನು ಯಾರೂ ನೋಡಲಿಲ್ಲ.

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ, ಹೊಟ್ಟೆಯ ಆಪರೇಷನ್ ಆದ ಮಕ್ಕಳ ಮಂಚಕ್ಕೆ ನನ್ನನ್ನು ತಗುಲಿಹಾಕುತ್ತಿದ್ದರು. ಹಸಿದ ಮಗುವಿನ ತಲೆಯ ಮೇಲೆ ನೇತಾಡುವವನನ್ನು ಯಾರು ತಾನೇ ಇಷ್ಟಪಡುತ್ತಾರೆ? ಅಜ್ಜಿಯರಂತೂ ಹಿಡಿಶಾಪ ಹಾಕುತ್ತಿದ್ದರು.

ಎರಡು ವರ್ಷದ ರತ್ನಿ ಬಂದಾಗ ಅವಳ ಕರುಳು ಒಂದರೊಳಗೊಂದು ಸಿಕ್ಕಿಕೊಂಡಿತ್ತು. ಆಪರೇಷನ್ ಆಯಿತು. ಇನ್ನು ಕರುಳು ಎಚ್ಚರಗೊಂಡು ಗಾಳಿ ಬಿಡುವವರೆಗೆ ತೊಟ್ಟು ನೀರೂ ಇಲ್ಲ. ಹೊಟ್ಟೆ ಉಬ್ಬುತ್ತಲೇ ಹೋದರೆ ಮತ್ತೆ ಕೊಯ್ಯಬೇಕಾದೀತು ಎಂದರು ಡಾಕ್ಟರು. ಸಿಸ್ಟರ್ ಕಸ್ತೂರಿ ಒದ್ದೆ ಹತ್ತಿಯಿಂದ ಮಗುವಿನ ತುಟಿ ಒರೆಸುತ್ತಿದ್ದರು, ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡುತ್ತಿದ್ದರು, “ಗಾಳಿ ಹೋತೇನ್ರೀ?” ಎಂದು ಕೇಳುತ್ತಿದ್ದರು. ಹೋಗಿರಲಿಲ್ಲ.

ಅಜ್ಜಿ ನೀಲವ್ವ ಓದು ಬಾರದವಳಲ್ಲ. ನನ್ನನ್ನು ಓದಿಯೇ ತೀರ್ಥದ ಬಾಟಲಿ ತೆಗೆದಳು. ಮಗುವಿನ ತುಟಿಗೆ ತಾಗುವಷ್ಟರಲ್ಲಿ ಸಿಸ್ಟರ್ ಅವಳ ಕೈ ಹಿಡಿದರು.

“ತೀರ್ಥ ಅಂದ್ರ ಊಟೇನ್ರೀ ಸಿಸ್ಟರ? ದೇವರದೈತಿ.”

“ದೇವರದಾದ್ರೂ ಹೊಟ್ಟಿಗೇ ಹೋಗತೈತಲ್ರೀ ಅಮ್ಮಾ. ಒಳಗ ಹೊಲಿಗಿ ಇನ್ನಾ ಹಸಿ ಐತಿ. ತಲೀಗೆ ಹಚ್ರಿ, ಸಾಕು.”

ನೀಲವ್ವ ತಲೆಗೇ ಹಚ್ಚಿ ಅತ್ತುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ಬಾಯಾಗ ಮಣ್ಣ ಬೀಳ್ಲಿ” ಎಂದಳು.

ಮರುದಿನ ಬೆಳಿಗ್ಗೆ ಡಾಕ್ಟರು ಮಗುವಿನ ಹೊಟ್ಟೆ ಮುಟ್ಟಿ ನೋಡಿ, ಸುತ್ತಳತೆಯನ್ನು ಎರಡೆರಡು ಸಲ ತೆಗೆಸಿ ಹೋದರು. ನನಗೆ ಹೆದರಿಕೆಯಾಯಿತು. ಹಿಂದೆ ಒಂದೆರಡು ಸಲ, ಮಗು ಉಳಿಯದೆ ಖಾಲಿಯಾದ ಮಂಚದಿಂದ ನನ್ನನ್ನು ಇಳಿಸಿದ್ದರು.

ಮಧ್ಯಾಹ್ನ ರತ್ನಿ ಹೂಸು ಬಿಟ್ಟಳು. ಸಣ್ಣದೇನಲ್ಲ, ಆಚೆ ಮಂಚದವರೂ ತಿರುಗಿ ನೋಡಿದರು. ನೀಲವ್ವ ಎರಡೂ ಕೈಯೆತ್ತಿ ಮುಗಿದಳು.

“ಸಿಸ್ಟರ, ಬಿಟ್ಟಳ್ರೀ! ನಮ್ಮ ರತ್ನಿ ಬಿಟ್ಟಳ್ರೀ!”

ವಾರ್ಡಿಗೆ ವಾರ್ಡೇ ನಕ್ಕಿತು. ಡಾಕ್ಟರು ಬಂದು ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ ತಲೆಯಾಡಿಸಿದರು. ಸಿಸ್ಟರ್ ನನ್ನನ್ನು ಇಳಿಸಿ, ಒಂದು ಚಮಚ ನೀರು ಕುಡಿಸಿದರು. ರತ್ನಿ ಚಮಚವನ್ನೇ ಕಚ್ಚಿ ಹಿಡಿದಳು.

ಸಂಜೆ ನನ್ನನ್ನು ಪಕ್ಕದ ಮಂಚಕ್ಕೆ ತಗುಲಿಸಿದರು. ಆ ಮಗುವಿನ ತಾಯಿ ದುರುಗುಟ್ಟಿ ನೋಡಿದಳು.

“ಬೈಯವ್ವಾ, ಬೈದರ ಸಮಾಧಾನ ಆಗತೈತಿ,” ಎಂದಳು ನೀಲವ್ವ. “ಆದರ ಕೂಸಿಗೆ ಏನೂ ಕೊಡಬ್ಯಾಡ.”

ಈಗ ನಾನು ತುಕ್ಕು ಹಿಡಿದು ಸ್ಟೋರಿನ ಮೂಲೆಯಲ್ಲಿದ್ದೇನೆ. ನನ್ನ ಜಾಗಕ್ಕೆ ಪ್ಲಾಸ್ಟಿಕ್ಕಿನವನೊಬ್ಬ ಬಂದಿದ್ದಾನೆ. ಗೋಡೆಯಾಚೆ ವಾರ್ಡು ಇದ್ದಕ್ಕಿದ್ದಂತೆ ನಕ್ಕರೆ, ಯಾವುದೋ ಮಗುವಿಗೆ ನೀರು ಸಿಕ್ಕಿತು ಎಂದುಕೊಳ್ಳುತ್ತೇನೆ.