ಖಾರ ಹತ್ತದ ಕೈ

ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ದೇಶಕ್ಕೆಲ್ಲ ಗೊತ್ತು. ಅದರ ತೊಟ್ಟು ಬಿಡಿಸುವ ಹೆಂಗಸರ ಸೊಂಟದ ಸುದ್ದಿ ಯಾರಿಗೆ ಬೇಕಾಗಿದೆ? ಮುಂಜಾನೆ ರಾಶಿಯ ಮುಂದೆ ಕುಕ್ಕರಿಸಿದರೆ ಸಂಜೆಯವರೆಗೆ ಏಳುವಂತಿಲ್ಲ. ಕೂಲಿ ಬಿಡಿಸಿದಷ್ಟಕ್ಕೆ, ಕೂತಷ್ಟಕ್ಕಲ್ಲ. ಊಟದ ಹೊತ್ತಾಗುವುದರೊಳಗೆ ಸೊಂಟ ಸೆಟೆದುಕೊಂಡು, ಮೊಣಕಾಲು ಜೋಮು ಹಿಡಿದು, ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಒಂದೇ ನರಳಾಟ. ಆಗ ಯಾರಾದರೂ ಎದ್ದು ಎದುರಿನ ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತರಬೇಕು. ಅದು ಮಂಗಳವ್ವನ ಪಾಲಿಗೆ ಬಂದ ಕೆಲಸ.

ಅವಳ ಪಾಲಿಗೇ ಯಾಕೆಂದರೆ ಅವಳು ತೊಟ್ಟು ಬಿಡಿಸುತ್ತಿರಲಿಲ್ಲ, ತುಂಬಿದ ಚೀಲಗಳ ಬಾಯಿ ಹೊಲಿಯುತ್ತಿದ್ದಳು. ಹಾಗಾಗಿ ಅವಳ ಕೈಗೆ ಅಷ್ಟು ಖಾರ ಹತ್ತುತ್ತಿರಲಿಲ್ಲ. ಉಳಿದವರ ಬೆರಳುಗಳಿಗೆ ಹತ್ತಿದ್ದು ಸಾಬೂನು ಹಚ್ಚಿ ತಿಕ್ಕಿದರೂ ಹೋಗುವ ಖಾರವಲ್ಲ. ಆ ಕೈಯಿಂದ ಕಣ್ಣು ಒರೆಸುವಂತಿಲ್ಲ, ತುಟಿ ಮುಟ್ಟುವಂತಿಲ್ಲ. ಮಂಗಳವ್ವ ಒಂದು ಕೈಯಲ್ಲಿ ಗುಳಿಗೆಯ ಪುಡಿಕೆ, ಇನ್ನೊಂದರಲ್ಲಿ ತಂಬಿಗೆ ಹಿಡಿದು ಸಾಲಿನುದ್ದಕ್ಕೂ ಬರುತ್ತಿದ್ದಳು. ಒಬ್ಬೊಬ್ಬಳೂ ಮುಖ ಮೇಲೆತ್ತಿ ಬಾಯಿ ತೆರೆಯುವಳು. ಇವಳು ಮೇಲಿನಿಂದ ಗುಳಿಗೆ ಹಾಕಿ, ಒಂದು ಗುಟುಕು ನೀರು ಬಿಡುವಳು.

ಸಾಲಿನ ಕೊನೆಗೆ ಅವಳ ಗೆಳತಿ ಉಚ್ಚಂಗೆವ್ವ ಕೂತಿರುತ್ತಿದ್ದಳು. "ನನಗ ಎರಡು ಹಾಕಬೇ. ಎಲ್ಲಾರಿಗೂ ಹಾಕಿದಂಗ ನನಗೂ ಒಂದ ಅಂದ್ರ ಹೆಂಗ? ನಾ ಏನ್ ಹೊರಗಿನಾಕಿ ಏನು?" ಎಂದು ಕಾಡುವಳು. "ಬಾಯಿ ತಗೀ ಮೊದಲ, ಬಡಬಡಿಸಬ್ಯಾಡ" ಎಂದು ಗದರುತ್ತಲೇ ಮಂಗಳವ್ವ ಎರಡು ಹಾಕಿಬಿಡುತ್ತಿದ್ದಳು. ಪ್ರೀತಿ ತೋರಿಸಲು ಅವಳ ಕೈಯಲ್ಲಿ ಇದ್ದದ್ದಾದರೂ ಏನು, ಆ ಗುಳಿಗೆಯೇ.

ನೀರು ಮಾತ್ರ ಒಂದೇ ಗುಟುಕು. ಅದಕ್ಕಿಂತ ಹೆಚ್ಚು ಯಾರೂ ಕೇಳುತ್ತಿರಲಿಲ್ಲ, ಬೇಸಿಗೆಯಲ್ಲೂ ಕೇಳುತ್ತಿರಲಿಲ್ಲ. ನೀರು ಕುಡಿದರೆ ಹೊರಗೆ ಹೋಗಬೇಕು. ಹೋಗಿ ಬರುವಷ್ಟರಲ್ಲಿ ಕೂಲಿ ಹೋಯಿತು. ಅದೂ ಇರಲಿ ಎಂದರೆ, ಆ ಖಾರದ ಕೈಯಲ್ಲಿ ಸೀರೆ ಎತ್ತಿ ಕೂತು ತೊಳೆದುಕೊಳ್ಳುವ ಉರಿಯನ್ನು ಯಾರ ಮುಂದೆ ಹೇಳಿಕೊಳ್ಳುವುದು? ಬಾಯಿ ಒಣಗಲಿ, ಸಂಜೆ ಮನೆಗೆ ಹೋಗಿ ಕುಡಿದರಾಯಿತು. ತಾಯಂದಿರು ಹಾಗೇ ಮಾಡಿದ್ದರು, ಇವರೂ ಹಾಗೇ ಮಾಡಿದರು.

ಗುಳಿಗೆ ಮೊದಲು ಬಂದದ್ದು ಉಚ್ಚಂಗೆವ್ವನ ಹೆಸರಿಗೇ. ರಾಣೆಬೆನ್ನೂರಿನ ಎಲುಬಿನ ಡಾಕ್ಟರು ಅವಳ ಸೊಂಟ ನೋಡಿ ನಾಲ್ಕೈದು ದಿನಕ್ಕೆಂದು ಬರೆದುಕೊಟ್ಟಿದ್ದರು. ಕಡಿಮೆಯಾಗದಿದ್ದರೆ ಮತ್ತೆ ಬಾ ಎಂದೂ ಹೇಳಿದ್ದರು. ಮತ್ತೆ ಹೋಗುವವರು ಯಾರು? ಅದೇ ಚೀಟಿಯನ್ನು ಮೆಡಿಕಲ್ ಅಂಗಡಿಯ ಮಾಲತೇಶನಿಗೆ ತೋರಿಸಿ ಮತ್ತೆ ಮತ್ತೆ ತಂದರು. ಚೀಟಿ ಬೆವರಿಗೆ ನೆನೆದು, ಖಾರ ಮೆತ್ತಿ, ಮಡಿಚಿದಲ್ಲೆಲ್ಲ ಹರಿದುಹೋದ ದಿನ ಮಂಗಳವ್ವ ಹೆದರುತ್ತ ಅಂಗಡಿಗೆ ಹೋದಳು.

"ಚೀಟಿ ಯಾಕ ಬೇಕವ್ವಾ? ನೀವು ಏನ್ ಒಯ್ತೀರಿ ನನಗ ಗೊತ್ತಿಲ್ಲೇನು?" ಎಂದು ಮಾಲತೇಶ ನಕ್ಕ. ಏನು ಮರ್ಯಾದೆ, ಏನು ಮಾತು! ಹಬ್ಬಕ್ಕೆ ಇಡೀ ಸಾಲಿಗೆ ಪೇಢೆ ಕಳಿಸುವ ಮನುಷ್ಯ. ಕತ್ತರಿಯಿಂದ ಪಟ್ಟಿ ಕತ್ತರಿಸಿ, ಗುಳಿಗೆಗಳನ್ನು ಬಿಡಿಸಿ, ಪೇಪರಿನ ಚೂರಿನಲ್ಲಿ ಸುತ್ತಿ ಕೊಟ್ಟ. ಅಂದಿನಿಂದ ಅದೇ ಪದ್ಧತಿಯಾಯಿತು. ಗುಳಿಗೆಗೆ ಹೆಸರಿಲ್ಲ, ಕೊಂಡದ್ದಕ್ಕೆ ಬಿಲ್ಲಿಲ್ಲ. ಒಬ್ಬಳ ಸೊಂಟಕ್ಕೆ ಬರೆದ ಔಷಧವನ್ನು ಇಡೀ ಸಾಲು ನುಂಗತೊಡಗಿತು.

ಎರಡು ಸುಗ್ಗಿ ಕಳೆದವು. ಉಚ್ಚಂಗೆವ್ವನ ಮುಖ ಮುಂಜಾನೆ ಊದಿಕೊಳ್ಳತೊಡಗಿತು. ಮೆಣಸಿನಕಾಯಿಯ ಧೂಳು ಎಂದುಕೊಂಡರು. ಕಾಲು ಊದಿದವು. ಕೂತು ಕೂತು ಹಾಗಾಗಿದೆ ಎಂದುಕೊಂಡರು. ಮಂಗಳವ್ವ ಮಾಲತೇಶನಿಗೆ ಹೇಳಿದಳು. "ಬಾವು ಬಂದೈತೇನು? ಹಂಗಾರ ಇದನ್ನೂ ಜೋಡಿ ಹಾಕ್ರಿ" ಎಂದು ಇನ್ನೊಂದು ನಮೂನೆಯ ಗುಳಿಗೆ ಸೇರಿಸಿದ. ಅದನ್ನೂ ಮಂಗಳವ್ವ ತನ್ನ ಕೈಯಾರೆ ಹಾಕಿದಳು. ಕೊನೆಗೆ ಒಂದು ದಿನ ಉಚ್ಚಂಗೆವ್ವ ರಾಶಿಯ ಮೇಲೆಯೇ ವಾಂತಿ ಮಾಡಿಕೊಂಡು ಬಿದ್ದಳು. ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಿಪೋರ್ಟು ನೋಡಿ ಮಂಗಳವ್ವನ ಕಡೆ ತಿರುಗಿದಳು.

"ಎರಡೂ ಕಿಡ್ನಿ ಹೋಗ್ಯಾವ. ನೋವಿನ ಗುಳಿಗಿ ಎಷ್ಟು ದಿನದಿಂದ ತಗೊಳ್ಳಾಕತ್ತಿದ್ರು?"

"ದಿನಾ ತಗೊಂತಿದ್ಲರಿ. ಕೆಲಸ ಇದ್ದ ದಿನ ಎಲ್ಲಾ."

"ನೀರು?"

"ಗುಳಿಗಿ ನುಂಗಾಕ ಎಷ್ಟು ಬೇಕೋ ಅಷ್ಟರಿ."

ಡಾಕ್ಟರಮ್ಮ ರಿಪೋರ್ಟು ಮಡಿಚಿದಳು. "ನೀರಿಲ್ಲದ ಮೈಯಾಗ ಈ ಗುಳಿಗಿ ದಿನಾ ಬಿದ್ರ ಕಿಡ್ನಿ ಹೆಂಗ ತಡೀತಾವ? ಇದನ್ನ ನಿಮಗ ಕೊಟ್ಟಾವ್ರು ಯಾರು?" ಎಂದಳು. ಮಂಚದ ಮೇಲಿದ್ದ ಉಚ್ಚಂಗೆವ್ವನಿಗೂ ಅದು ಕೇಳಿಸಿತು.

ಆ ಪ್ರಶ್ನೆಯನ್ನು ಉಚ್ಚಂಗೆವ್ವ ಬಿಗಿಯಾಗಿ ಹಿಡಿದುಕೊಂಡಳು. ವಾರಕ್ಕೆರಡು ಸಲ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ, ತನ್ನ ರಕ್ತ ಕೊಳವೆಯಲ್ಲಿ ಹೋಗಿ ಬರುವುದನ್ನು ನೋಡುತ್ತ, ಮಗಳು ರೋಹಿಣಿಗೆ ಒಂದೇ ಮಾತು ಹೇಳುತ್ತಿದ್ದಳು. "ನನಗ ಅಂವನ ರೊಕ್ಕ ಬ್ಯಾಡ. ಚೀಟಿ ಇಲ್ದ ನಾನ ಕೊಟ್ಟೆ ಅಂತ ಅಂವ ನಾಲ್ಕು ಮಂದಿ ಮುಂದ ಬಾಯಿಬಿಟ್ಟು ಅನ್ನಬೇಕು. ನಾ ಇರೂದ್ರಾಗ ಅನ್ನಬೇಕು."

ರೋಹಿಣಿ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವವಳು, ಹಟದ ಹುಡುಗಿ. ಹಾವೇರಿಯಲ್ಲಿ ವಕೀಲೆ ದ್ರಾಕ್ಷಾಯಿಣಿಯ ಕಚೇರಿಗೆ ಮಂಗಳವ್ವನನ್ನೂ ಎಳೆದುಕೊಂಡು ಹೋದಳು. ವಕೀಲೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಡಾಕ್ಟರ ಮೇಲೆ ಕೇಸು ನಿಲ್ಲುವುದಿಲ್ಲ, ಅವರು ಬರೆದದ್ದು ನಾಲ್ಕೈದು ದಿನಕ್ಕೆ. ಅಂಗಡಿಯವನದ್ದು ತಪ್ಪು. ಇಂಥ ಔಷಧ ಚೀಟಿ ಇಲ್ಲದೆ ಮಾರುವುದು ಕಾನೂನಿಗೆ ವಿರುದ್ಧ. ಔಷಧ ಇನ್‌ಸ್ಪೆಕ್ಟರಿಗೆ ದೂರು ಕೊಡಬಹುದು, ಗ್ರಾಹಕರ ಕೋರ್ಟಿಗೆ ಹೋಗಿ ಪರಿಹಾರ ಕೇಳಬಹುದು.

"ಬಿಲ್ ಐತೇನ್ರಿ?"

"ಇಲ್ಲರಿ."

"ಗುಳಿಗಿ ಸುತ್ತಿದ ಪ್ಯಾಕೆಟ್ಟು?"

"ಪೇಪರ್ ತುಂಡಿನ್ಯಾಗ ಕೊಡ್ತಿದ್ದರಿ. ಒಗದಬಿಟ್ಟೇವಿ."

ದ್ರಾಕ್ಷಾಯಿಣಿ ಪೆನ್ನು ಕೆಳಗಿಟ್ಟು ಮಂಗಳವ್ವನನ್ನು ನೋಡಿದಳು. "ಹಂಗಾದ್ರ ನಿಮ್ಮ ಬಾಯಿ ಮಾತ ಎಲ್ಲಾ. ಅಲ್ಲಿ ನಿಂತು ಹೇಳ್ತೀರಿಲ್ಲ?"

"ಹೇಳ್ತೇನ್ರಿ. ಯಾಕ ಹೇಳಬಾರ್ದು?" ಎಂದಳು ಮಂಗಳವ್ವ.

ರೋಹಿಣಿ ಎರಡೂ ಕಡೆ ದೂರು ಕೊಟ್ಟಳು. ಸುದ್ದಿ ಮಾಲತೇಶನಿಗೆ ಮುಟ್ಟಲು ತಡವಾಗಲಿಲ್ಲ. ಒಂದು ದಿನ ಅಂಗಡಿಯ ಮುಂದೆ ಹಾಯುವಾಗ ಅವನೇ ಕರೆದ. ಬೈಯಲಿಲ್ಲ. ಬೈದಿದ್ದರೆ ಇವಳೂ ಎರಡು ಬೈದು ಹಗುರಾಗುತ್ತಿದ್ದಳು. "ಮಂಗಳವ್ವಾ, ನಾ ಗುಳಿಗಿ ಕೊಟ್ಟೆ ಅಂತನ ಅನ್ನು. ಆದ್ರ ಬಾಯಿಗೆ ಹಾಕಿದಾವ್ರು ಯಾರು ಅಂತ ನಮ್ಮ ವಕೀಲರು ಕೇಳ್ತಾರ. ಸಾಲಿನ್ಯಾಗ ಎಲ್ಲಾರೂ ನೋಡ್ಯಾರ. ಸುಮ್ನ ನಿನ್ನ ಹೆಸರ ಕೆಡಿಸಿಕೋಬ್ಯಾಡ" ಎಂದ, ಮನೆಯವರಿಗೆ ಬುದ್ಧಿ ಹೇಳುವವನ ದನಿಯಲ್ಲಿ. ಮಂಗಳವ್ವ ಅಲ್ಲಿಂದ ಬಿರಬಿರನೆ ನಡೆದುಬಿಟ್ಟಳು. ಸಿಟ್ಟೋ, ಹೆದರಿಕೆಯೋ, ಅವಳಿಗೇ ತಿಳಿಯಲಿಲ್ಲ.

ಆಸ್ಪತ್ರೆಗೆ ಹೋಗಿ ಹೇಳಿದಾಗ ಉಚ್ಚಂಗೆವ್ವ ಕೈ ಹಿಡಿದುಕೊಂಡಳು. "ನೀ ತಂದು ಕೊಟ್ಟಿ, ನಾ ನನ್ನ ಕೈಲೆ ತಗೊಂಡೆ. ಇಷ್ಟ ಅನ್ನು. ಒಂದು ಸುಳ್ಳು ಹೇಳಿದ್ರ ನಿನ್ನ ಗಂಟೇನು ಹೋಗ್ತೈತಿ? ನನ್ನ ಸಲುವಾಗಿ ಅನ್ನು." ಮಂಗಳವ್ವ ಆಗಲಿ ಎಂದಳು. ಸಾಕ್ಷಿ ಹೇಳುವ ದಿನ, ಅನ್ನಬೇಕೆಂದು ಗಟ್ಟಿ ಮಾಡಿಕೊಂಡೇ ಹಾವೇರಿಯ ಬಸ್ಸು ಹತ್ತಿದಳು.

ಗ್ರಾಹಕರ ಕೋರ್ಟಿನಲ್ಲಿ ಮಾಲತೇಶನ ವಕೀಲ ಮೊದಲು ಗುಳಿಗೆಯ ಹೆಸರು ಕೇಳಿದ.

"ಹೆಸರು ಗೊತ್ತಿಲ್ಲರಿ. ಬಿಳೀದು, ದುಂಡಗ ಇರತಿತ್ತು."

"ಬಿಳಿ, ದುಂಡನ ಗುಳಿಗಿ ಬ್ಯಾಡಗಿಯ ಎಷ್ಟು ಅಂಗಡಿಯಾಗ ಸಿಗ್ತಾವಮ್ಮ?"

"ನನಗೇನ್ ಗೊತ್ತರಿ? ನಾ ಇವ್ರ ಅಂಗಡಿಗೆ ಹೋಗಾಕಿ."

"ಇರ್ಲಿ. ಉಚ್ಚಂಗೆವ್ವ ಗುಳಿಗಿ ತಮ್ಮ ಕೈಲೆ ತಗೋತಿದ್ರೇನು?"

ಮಂಗಳವ್ವ ಹೌದೆಂದು ತಲೆಯಾಡಿಸಿದಳು.

"ಖಾರದ ಕೈಲೆ? ಮೆಣಸಿನಕಾಯಿ ಬಿಡಿಸೋ ಕೈಯನ್ನ ಬಾಯಾಗ ಇಟ್ಕೊಂಡು? ನೀವು ಬ್ಯಾಡಗಿಯವ್ರು, ನಾನೂ ಈ ಕಡೆಯಾಂವ. ಖರೇ ಹೇಳ್ರಿ."

ಮಂಗಳವ್ವ ರೋಹಿಣಿಯ ಕಡೆ ನೋಡಿದಳು. ಅನ್ನು, ಅನ್ನು ಎಂದು ಹುಡುಗಿ ಕಣ್ಣಲ್ಲೇ ಬೇಡುತ್ತಿದ್ದಳು. ಆಚೆ ಮಾಲತೇಶ ಇಸ್ತ್ರಿಯ ಅಂಗಿ ತೊಟ್ಟು, ಕೈಕಟ್ಟಿ, ದೇವರ ಮುಂದೆ ನಿಂತವನಂತೆ ನಿಂತಿದ್ದ. ಆ ಸುಳ್ಳು ಸೌಮ್ಯ ಮುಖ ನೋಡಿದ್ದೇ ಮಂಗಳವ್ವನ ತಲೆ ಸಿಡಿಯಿತು. ಕಲಿಸಿದ್ದೆಲ್ಲ ಮರೆತೇಹೋಯಿತು.

"ನಾನ ಹಾಕೀನ್ರಿ! ದಿನಾ ನಾನ ಹಾಕೀನಿ. ಅಕಿ ಎರಡು ಬೇಡಿದ್ರ ಎರಡು ಹಾಕೀನಿ. ಬಾಯಿ ಬಿದ್ದು ಹೋಗೂದಿಲ್ಲ ನನಗ ಖರೇ ಹೇಳಾಕ. ಅಂವಗ ಬಿದ್ದು ಹೋಗ್ತೈತೇನು? ಕೇಳ್ರಿ ಅಂವನ್ನ! ಕತ್ತರೀಲೆ ಕತ್ತರಿಸಿ ಕೊಟ್ಟಾಂವ ಅಂವ. ಬಾವು ಬಂದೈತಿ ಅಂದ್ರ ಇನ್ನೊಂದು ಕೊಟ್ಟಾಂವ ಅಂವ!"

ಕೇಳಿದರು. ಮಾಲತೇಶ ಕೈ ಮುಗಿದ. "ಈ ತಾಯಿ ನಮ್ಮ ಅಂಗಡಿಗೆ ಬರೂದು ಖರೇ ಐತ್ರಿ. ತಲಿನೋವಿನ ಗುಳಿಗಿ, ಮುಲಾಮು ಒಯ್ತಿದ್ರು. ಚೀಟಿ ಬೇಕಾಗೋ ಗುಳಿಗಿ ನಾ ಚೀಟಿ ಇಲ್ದ ಯಾರಿಗೂ ಕೊಟ್ಟಿಲ್ಲರಿ." ಒಂದು ಕೂದಲೂ ಕೊಂಕಲಿಲ್ಲ ಅವನದ್ದು.

ತೀರ್ಪನ್ನು ದ್ರಾಕ್ಷಾಯಿಣಿ ಓದಿ ಹೇಳಿದಳು. ಕಿಡ್ನಿ ಹಾಳಾದದ್ದು ಯಾವ ಗುಳಿಗೆಯಿಂದ, ಆ ಗುಳಿಗೆ ಯಾವ ಅಂಗಡಿಯದು ಎಂಬುದು ಸಾಬೀತಾಗಿಲ್ಲ. ಡಾಕ್ಟರ ಮಾತು ಮೀರಿ ಗುಳಿಗೆ ಹಾಕಿದ್ದು ರೋಗಿಯ ಗೆಳತಿಯೇ ಎಂದು ಸಾಕ್ಷಿ ತಾನೇ ಒಪ್ಪಿದ್ದಾಳೆ. ದೂರು ವಜಾ. ಮೇಲಿನ ಕೋರ್ಟಿಗೆ ಹೋಗಬಹುದು, ಆದರೆ ಕೈಯಲ್ಲಿ ಸಾಕ್ಷಿ ಇಲ್ಲ ಎಂದಳು ಪಾಪ, ಮುಖ ಸಣ್ಣದು ಮಾಡಿಕೊಂಡು. ಇನ್‌ಸ್ಪೆಕ್ಟರು ದೂರಿನ ಮೇಲೆ ಬಂದಾಗ ಮಾಲತೇಶನ ಅಂಗಡಿಯಲ್ಲಿ ಬಿಲ್ಲಿನ ಯಂತ್ರ ಟರ್ರೆನ್ನುತ್ತಿತ್ತು. ಚೀಟಿ ಇಲ್ಲದೆ ಔಷಧ ಕೊಡುವುದಿಲ್ಲ ಎಂಬ ಹೊಸ ಬೋರ್ಡು ಗೋಡೆಯ ಮೇಲಿತ್ತು. ಅದಕ್ಕೊಂದು ಹೂವಿನ ಹಾರವನ್ನೂ ಹಾಕಿದ್ದ, ಬಾಡ್ಕೋ.

ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ರೋಹಿಣಿ ಮಂಗಳವ್ವನ ಜೊತೆ ಕೂರಲಿಲ್ಲ. "ನಿನ್ನ ಖರೇ ತಗೊಂಡು ನಮ್ಮವ್ವ ಏನ್ ಮಾಡ್ಲಿ?" ಎಂದಷ್ಟೇ ಹೇಳಿ ರಾಣೆಬೆನ್ನೂರಿನ ಬಸ್ಸು ಹತ್ತಿದಳು.

ಮಂಗಳವ್ವ ಮತ್ತೆ ಚೀಲ ಹೊಲಿಯಲು ಕೂತಳು. ಗುಳಿಗೆ ತರುವ ಕೆಲಸ ಈಗ ಕಸ ಗುಡಿಸುವ ಸುನಿತಾಳದ್ದು. ಒಂದು ಮಧ್ಯಾಹ್ನ ಅವಳು ಪೇಪರಿನ ಪುಡಿಕೆ ಹಿಡಿದು ಬಂದಳು. ಅದೇ ಪೇಪರು, ಅದೇ ಬಿಳಿ ಗುಳಿಗೆ. ಸಾಲಿನ ಬಾಯಿಗಳೆಲ್ಲ ತೆರೆದುಕೊಂಡವು. ಮಂಗಳವ್ವ ಎದ್ದು ಹೋಗಿ ಪುಡಿಕೆಯನ್ನು ಬಡಿದು ಕೆಡವಿದಳು.

"ನುಂಗಬ್ಯಾಡ್ರಿ! ಉಚ್ಚಂಗಿ ಗತಿ ನೋಡೀರಿಲ್ಲ? ಮೊದಲ ನೀರು ಕುಡೀರಿ, ಎದ್ದು ಹೋಗಿ ಬರ್ರಿ. ಡಾಕ್ಟರಿಗೆ ತೋರಿಸ್ರಿ!"

"ನೀ ಹಾಕಿದ್ರ ಔಷಧ, ಅಕಿ ಹಾಕಿದ್ರ ವಿಷ ಏನ್ಬೇ?" ಎಂದು ಒಬ್ಬಳು ಕೂಗಿದಳು. "ಸೊಂಟ ಹಿಡದು ಕೂಲಿ ನಿಂತ್ರ ನಮ್ಮನಿ ಒಲಿ ನೀ ಹಚ್ತೀಯೇನು?" ಎಂದಳು ಇನ್ನೊಬ್ಬಳು. ರಾಶಿಯೊಳಗೆ ಬಿದ್ದ ಗುಳಿಗೆಗಳನ್ನು ಸುನಿತಾ ಹುಡುಕಿ ಆರಿಸಿದಳು. ಖಾರ ಹತ್ತಿದ ಗುಳಿಗೆಗಳನ್ನೇ ಊದಿ ಊದಿ ಎಲ್ಲರಿಗೂ ಹಾಕಿದಳು. ಕಣ್ಣಲ್ಲಿ ನೀರು ಸುರಿಸುತ್ತ ನುಂಗಿದರು.

ಆ ವಾರ ಮಂಗಳವ್ವ ಧೈರ್ಯ ಮಾಡಿ ಆಸ್ಪತ್ರೆಗೆ ಹೋದಳು. ಉಚ್ಚಂಗೆವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಯಂತ್ರ ಓಡುತ್ತಿತ್ತು.

"ಅಂವ ಅಂದ್ನೇನು?" ತಿರುಗದೆಯೇ ಕೇಳಿದಳು. ಮಗಳು ಎಲ್ಲ ಹೇಳಿರಬೇಕು, ಆದರೂ ಕೇಳಿದಳು.

"ಇಲ್ಲ. ನಾ ಅಂದೆ."

"ನಾ ನಿನ್ನ ಬಾಯಿಂದ ಕೇಳಿದ್ನೇನು?" ಉಚ್ಚಂಗೆವ್ವನ ದನಿ ಒಡೆಯಿತು. "ನೀ ಹಾಕಿದ್ದು ನನಗ ಗೊತ್ತಿರಲಿಲ್ಲೇನು? ಅದನ್ನ ಊರಿಗೆಲ್ಲಾ ಹೇಳಿ ಅಂವನ್ನ ಬಿಡಿಸಿಕೊಂಡು ಬಂದ್ಯೆಲ್ಲ."

ಮಂಗಳವ್ವ ಅತ್ತಳು. ಉಚ್ಚಂಗೆವ್ವ ಅವಳನ್ನು ಅಳಬೇಡ ಎನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಇತ್ತ ತಿರುಗಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಜೀವಮಾನವೆಲ್ಲ ನೀರು ಬೇಡವೆಂದವಳಿಗೆ ಈಗ, ಕೆಟ್ಟ ಕಿಡ್ನಿ ನೀರು ಹೊರಹಾಕುವುದಿಲ್ಲವೆಂದು, ಡಾಕ್ಟರೇ ನೀರು ಅಳೆದು ಕೊಡುತ್ತಿದ್ದರು. ಆ ದಿನದ ಪಾಲು ಮುಗಿದಿತ್ತು.

"ಬಾಯಿ ಸುಡಾಕತ್ತೈತಿ. ಒಂದು ಗುಟುಕು ಹಾಕು" ಎಂದಳು.

ಮಂಗಳವ್ವ ಕಿಟಕಿಯಲ್ಲಿದ್ದ ಲೋಟ ಎತ್ತಿಕೊಂಡಳು. "ಬ್ಯಾಡ್ರಿ, ನೀರು ಕೊಡಬ್ಯಾಡ್ರಿ ಅವ್ರಿಗೆ. ಉಸಿರಿಗೆ ತ್ರಾಸಾಗ್ತೈತಿ" ಎಂದು ನರ್ಸು ಬಾಗಿಲಿನಿಂದಲೇ ಕೂಗಿದಳು. ಉಚ್ಚಂಗೆವ್ವ ಅದನ್ನು ಕೇಳಿಸಿಕೊಳ್ಳಲಿಲ್ಲ. ಸಾಲಿನ ಕೊನೆಯಲ್ಲಿ ಕೂತಾಗ ಮಾಡುತ್ತಿದ್ದ ಹಾಗೆ ಮುಖ ಮೇಲೆತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದಳು. ಲೋಟ ಹಿಡಿದ ಮಂಗಳವ್ವನ ಕೈ ಮೇಲೇಳಲಿಲ್ಲ. ಉಚ್ಚಂಗೆವ್ವ ಬಾಯಿ ಮುಚ್ಚಲೂ ಇಲ್ಲ.