ಗೋಡಿ ಮ್ಯಾಲಿನ ಫಾರ್ಮಸಿಸ್ಟ್

ಭಾಗ್ಯನಗರದಲ್ಲಿ ಔಷಧಿ ಅಂಗಡಿ ನಡೆಸುವ ದೇವೇಂದ್ರಪ್ಪ ತನ್ನ ನೆರಳನ್ನೂ ನಂಬದ ಆಸಾಮಿ. ಮಗಳು ರಂಜಿತಾ ಗಂಗಾವತಿಯ ಏಜೆಂಟನ ಮೂಲಕ ಫಾರ್ಮಸಿ ಓದಲು ಬ್ರಿಟನ್ನಿನ ಕಾಲೇಜಿಗೆ ಅರ್ಜಿ ಹಾಕಿದ ಮೇಲಂತೂ ಅವನ ಅನುಮಾನಕ್ಕೆ ರೆಕ್ಕೆ ಬಂದವು. ಕಾಲೇಜಿನಿಂದ ಬಂದ ಒಂದೊಂದು ಪತ್ರವನ್ನೂ ಗುಳಿಗೆ ಪಟ್ಟಿ ಪರೀಕ್ಷಿಸುವಂತೆ ಬೆಳಕಿಗೆ ಹಿಡಿದು, ಮೊಹರು, ಸಹಿಗಳನ್ನು ತಿರುವಿ ತಿರುವಿ ನೋಡುತ್ತಿದ್ದ.

"ಸಿಕ್ಕಾ ಏನೋ ಛಲೋ ಐತಿ. ಆದ್ರ ಈ ಸಹಿ ಹಾಕಿದ ಮನಷ್ಯಾ ಖರೇನ ಅದಾನೇನು?"

ಇವತ್ತು ರಂಜಿತಾ ಫೋನ್ ಹಿಡಿದುಕೊಂಡೇ ಅಂಗಡಿಗೆ ಬಂದಳು.

"ಅಪ್ಪಾ, ನಮ್ಮ ಅಂಗಡ್ಯಾಗ ಎರಡು ವರ್ಷ ಕೆಲಸಾ ಕಲತೀನಿ ಅಂತ ಅರ್ಜ್ಯಾಗ ಬರದಿದ್ನಲ್ಲಾ? ಕಾಲೇಜಿನವರು ಇಲ್ಲಿಯ ಫಾರ್ಮಸಿಸ್ಟರ ಜೋಡಿ ವಿಡಿಯೋದಾಗ ಮಾತಾಡ್ತಾರಂತ."

"ನೋಡಿದೇನವಾ! ಎಷ್ಟು ಕೇಳ್ತಾರ ನೋಡು. ಇದರಾಗ ಏನೋ ಮೋಸ ಐತಿ!"

ರಂಜಿತಾ ಗೋಡೆಯತ್ತ ನೋಡಿದಳು. ಅಂಗಡಿಯ ಪರವಾನಗಿಗಾಗಿ ಅಪ್ಪ ಬಾಡಿಗೆಗೆ ತಂದ ಫಾರ್ಮಸಿಸ್ಟ್ ಸರ್ಟಿಫಿಕೇಟು ಹನ್ನೊಂದು ವರ್ಷದಿಂದ ಅಲ್ಲೇ ತೂಗುತ್ತಿತ್ತು. ಅದರ ಒಡೆಯ ಒಂದು ದಿನವೂ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ.

"ಅಪ್ಪಾ," ಎಂದಳು ಮೆಲ್ಲಗೆ, "ಈ ಸರ್ಟಿಫಿಕೇಟಿನ ಮನಷ್ಯಾ ಖರೇನ ಅದಾನೇನು?"